ಸಿಡಿಲಪಡಿಯ ದಾರಿ ತೋರಿಸಿದ ಅಜ್ಜನಿಗೆ

ಬಾದಾಮಿಯ ಗುಡ್ಡದಲ್ಲಿ ಸಿಡಿಲಪಡಿ ಗುಹೆ ಹುಡುಕುತ್ತಾ ನಾನು, ಮಗಳು ದಾರಿ ತಪ್ಪಿದ್ದೆವು. ಮುಳ್ಳುಕಂಟಿಗಳ ನಡುವೆ ಎಲ್ಲ ಕಾಲುದಾರಿಗಳೂ ಒಂದೇ ಥರ. ಬಾಟಲಿಯಲ್ಲಿ ಎರಡು ಗುಟುಕು ನೀರು ಉಳಿದಿತ್ತು, ಮಗಳು ಅಳತೊಡಗಿದ್ದಳು.

ಕುರಿ ಕಾಯುತ್ತಿದ್ದ ನೀವು ಏನೂ ಕೇಳಲಿಲ್ಲ, ಅಜ್ಜಾ. ಮೊದಲು ನಿಮ್ಮ ನೀರಿನ ಕ್ಯಾನನ್ನು ಅವಳ ಕೈಗಿಟ್ಟು ‘ಕುಡಿ ತಾಯಿ’ ಎಂದಿರಿ. ಕುರಿಗಳನ್ನು ಜೊತೆಗಿದ್ದ ಹುಡುಗನಿಗೆ ಒಪ್ಪಿಸಿ ಮುಂದೆ ನಡೆದಿರಿ. ಅಡ್ಡ ಬಂದ ಜಾಲಿಯ ಕೊಂಬೆಯನ್ನು ಕೋಲಿನಿಂದ ಎತ್ತಿ ಹಿಡಿದು, ಅವಳು ದಾಟುವವರೆಗೂ ನಿಂತಿರಿ.

ಮರಳುಗಲ್ಲಿನ ಆ ಕಮಾನಿನಡಿ, ಇತಿಹಾಸಪೂರ್ವ ಕಾಲದ ಕೆಂಬಣ್ಣದ ಚಿತ್ರಗಳನ್ನು ಬಂಡೆಗೆ ಕೋಲು ತಾಗದಂತೆ ದೂರದಿಂದಲೇ ತೋರಿಸಿದಿರಿ. ಮಗಳ ಅಳು ಅಲ್ಲಿಯೇ ನಿಂತಿತು. ನನ್ನ ಎದೆಬಡಿತ ಹತೋಟಿಗೆ ಬಂದದ್ದೂ ಅಲ್ಲಿಯೇ.

ಊರಿನ ಮನೆಗಳು ಕಾಣುವ ತನಕ ಜೊತೆಗೆ ಬಂದಿರಿ. ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡಿರಿ. ಗಾಬರಿಯಲ್ಲಿ ಹೆಸರು ಕೇಳಲಿಲ್ಲ. ನಿಮಗೆ ನಮ್ಮಿಬ್ಬರ ನಮಸ್ಕಾರ.