ಉತ್ತರ ಹೇಳಬೇಡ ಕಣಮ್ಮ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಜೊತೆಗಿದ್ದ ಕಾಗದವನ್ನೂ ಓದಿದೆ. "ಬರೆಯೋದು ಬಿಟ್ಟುಬಿಡಲಾ?" ಅಂತ ಕೇಳಿದ್ದೀಯ. ಬಿಡಬೇಡ. ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಅದನ್ನೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಸಿಟ್ಟು ಬಂದದ್ದು ಕೊನೆಯ ಪುಟದ ಮೇಲೆ. ಅಲ್ಲಿವರೆಗೆ ಆ ಹುಡುಗಿ ಹೆದರಿಕೊಂಡೇ ಪ್ರೀತಿಸುತ್ತಾಳೆ, ಓದುವ ನನಗೂ ಎದೆ ಡವಡವ. ಅಷ್ಟರಲ್ಲಿ ನೀನೇ ನಡುವೆ ಬಂದು, ಅವನು ಮೋಸಗಾರ ಅಂತ ಹೇಳಿ ಮುಗಿಸಿಬಿಟ್ಟೆ. ಯಾಕಮ್ಮ ಅಷ್ಟು ಅವಸರ?

ಒಂದು ಹಾಡು ಕೇಳು. 'ವಿಲ್ ಯು ಲವ್ ಮಿ ಟುಮಾರೊ', 1960ರದ್ದು. ಹಾಡಿದವರು ಶಿರೆಲ್ಸ್, ಅಮೆರಿಕದ ನ್ಯೂಜೆರ್ಸಿಯ ಪಸೇಯಿಕ್ ಊರಿನ ನಾಲ್ವರು ಕಪ್ಪು ಹುಡುಗಿಯರು. ರಾಗ ಕಟ್ಟಿದ ಕ್ಯಾರೊಲ್ ಕಿಂಗ್‌ಗೆ ಆಗ 18 ವರ್ಷ. ಸಾಹಿತ್ಯ ಅವಳ ಗಂಡ ಜೆರಿ ಗಾಫಿನ್‌ನದು, ಹೊಟ್ಟೆಪಾಡಿಗೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ದುಡಿಯುತ್ತಿದ್ದ. 1961ರ ಜನವರಿ ಕೊನೆಗೆ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಕಪ್ಪು ಹುಡುಗಿಯರ ತಂಡ ಅಲ್ಲಿಗೆ ಏರಿದ್ದು ಅದೇ ಮೊದಲು.

ಇವತ್ತು ರಾತ್ರಿ ಜೊತೆಗಿರುವವನು ಬೆಳಗಾದ ಮೇಲೂ ಪ್ರೀತಿಸುತ್ತಾನಾ? ಅಷ್ಟೇ ಹಾಡಿನ ಹುಡುಗಿಯ ಪ್ರಶ್ನೆ. ಆ ಕಾಲದಲ್ಲಿ ಹುಡುಗಿಯೊಬ್ಬಳು ರೇಡಿಯೋದಲ್ಲಿ ಇದನ್ನು ಬಾಯಿಬಿಟ್ಟು ಕೇಳೋದು ಸಣ್ಣ ಮಾತಲ್ಲ. ಹಿಂದೆ ವಯಲಿನ್‌ಗಳು ಏರಿ ಇಳಿಯುತ್ತವೆ, ಗೆಳತಿಯರು ದನಿಗೂಡಿಸುತ್ತಾರೆ. ಮುಖ್ಯ ಗಾಯಕಿ ಶರ್ಲಿ ಓವೆನ್ಸ್ ಮಾತ್ರ ಗಂಟಲು ಎತ್ತರಿಸಲ್ಲ, ಅಳಲ್ಲ. ಕೊನೆಯನ್ನು ಗಮನವಿಟ್ಟು ಕೇಳು. ಈಗ ಹೇಳಿಬಿಡು, ಇನ್ನೊಮ್ಮೆ ಕೇಳಲ್ಲ ಅನ್ನುತ್ತಾಳೆ. ಅಂದವಳೇ ಮತ್ತೆ ಕೇಳುತ್ತಾಳೆ. ಮತ್ತೂ ಕೇಳುತ್ತಾಳೆ. ಹುಡುಗ ತುಟಿ ಬಿಚ್ಚಲ್ಲ. ಅವನು ಹೂಂ ಅಂದಿದ್ದರೂ ಅಷ್ಟೇ, ಊಹೂಂ ಅಂದಿದ್ದರೂ ಅಷ್ಟೇ, ಆ ಹಾಡು ನನ್ನನ್ನು ಇಷ್ಟು ವರ್ಷ ಕಾಡುತ್ತಿರಲಿಲ್ಲ. 1971ರ 'ಟೇಪೆಸ್ಟ್ರಿ' ಆಲ್ಬಮ್‌ನಲ್ಲಿ ಕ್ಯಾರೊಲ್ ಕಿಂಗ್ ತಾನೇ ಅದನ್ನು ನಿಧಾನವಾಗಿ ಹಾಡಿದಳು. ಗಾಫಿನ್ ಜೊತೆಗಿನ ಮದುವೆ ಅಷ್ಟರಲ್ಲಿ ಮುರಿದಿತ್ತು. ಪ್ರಶ್ನೆ ಅದೇ, ಭಾರ ಜಾಸ್ತಿ.

ಹಿಂದೆ ಒಬ್ಬ ಸಂಪಾದಕರು ಓದುಗರಿಗೆ ಗೊಂದಲ ಬೇಡ ಅಂತ ನನ್ನ ಕಥೆಯ ತುದಿಗೆ ತಮ್ಮದೇ ಎರಡು ಸಾಲು ಅಂಟಿಸಿ ಅಚ್ಚು ಹಾಕಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನ ಕಥೆಗೆ ನೀನೇ ಹಾಗೆ ಮಾಡಿಕೊಂಡರೆ ನಾನು ಹೇಗೆ ಸುಮ್ನಿರಲಿ?

ಬಸ್ ಸ್ಟ್ಯಾಂಡಿನಲ್ಲಿ ಅವಳು ಅವನ ಶರ್ಟಿನ ಗುಂಡಿ ನೋಡುತ್ತ "ಮನೇಲಿ ಹೇಳ್ತೀಯಲ್ವಾ?" ಅಂತಾಳಲ್ಲ, ಎಂಥಾ ಸಾಲು ಅದು! ಅಲ್ಲಿಗೇ ನಿಲ್ಲಿಸು. ಕೆಳಗಿನದನ್ನೆಲ್ಲ ಹೊಡೆದುಹಾಕಿ ಮೊದಲು ನನಗೆ ಕಳಿಸು.

ನಿನ್ನ ಅಣ್ಣ