ಡೇಟಾಬೇಸ್ ಬದಲಾವಣೆಗೂ ದಾಖಲೆ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಉತ್ತರ ಬಳ್ಳಾರಿಯ ಕಚೇರಿಗಳಿಗೆ ಅಲೆಯುವವರಿಗೆ ಹೊಸದೇನಲ್ಲ. ಕೆಲವು ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ. ತಂತ್ರಾಂಶದ ಹೊಸ ಆವೃತ್ತಿ ಹಾಕಿದವರು ಅದಕ್ಕೆ ಬೇಕಾದ ಕಾಲಂ ಅನ್ನು ಚಾಲ್ತಿಯಲ್ಲಿರುವ ಡೇಟಾಬೇಸಿಗೆ, ಅಂದರೆ ಮಾಹಿತಿಯನ್ನು ಟೇಬಲ್‌ಗಳಲ್ಲಿ (ಕೋಷ್ಟಕಗಳಲ್ಲಿ) ಇಡುವ ಸಂಗ್ರಹಕ್ಕೆ, ಸೇರಿಸುವುದನ್ನೇ ಮರೆತಿರುತ್ತಾರೆ. ಪ್ರೋಗ್ರಾಂನ ಪ್ರತಿ ಸಾಲಿನ ಬದಲಾವಣೆಯೂ ಅದಕ್ಕೆಂದೇ ಇರುವ ಗಿಟ್ ಎಂಬ ತಂತ್ರಾಂಶದಲ್ಲಿ ದಾಖಲಾಗಿದ್ದರೂ, ಟೇಬಲ್‌ಗಳಲ್ಲಿ ಮಾಡಿದ ಬದಲಾವಣೆ ಮಾತ್ರ ಯಾರದೋ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಉಳಿದುಬಿಡುತ್ತದೆ.

ನಮ್ಮ ಜಿಲ್ಲೆಯದೇ ಉದಾಹರಣೆ ನೋಡೋಣ. ಮೊದಲು ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಕೂಡ್ಲಿಗಿ ಮುಂತಾದ ತಾಲ್ಲೂಕುಗಳೊಂದಿಗೆ ಅಲ್ಲಿಗೆ ಹೋಯಿತು. ತಾಲ್ಲೂಕುಗಳ ಪಟ್ಟಿ ಇಟ್ಟುಕೊಂಡ ತಂತ್ರಾಂಶದಲ್ಲಿ ಈ ಎರಡು ಬದಲಾವಣೆಗಳು ಹಿಂದುಮುಂದಾಗಿ ನಡೆದರೆ ಹರಪನಹಳ್ಳಿ ಮತ್ತೆ ಬಳ್ಳಾರಿಯಲ್ಲೇ ಕೂರುತ್ತದೆ. ಪರೀಕ್ಷೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುವುದು ಚಾಲ್ತಿಯ ವ್ಯವಸ್ಥೆಯಲ್ಲಿ ತಪ್ಪಾಗುವುದು ಹೀಗೆಯೇ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದ್ದೇನಲ್ಲ. ಪ್ರತಿ ಬದಲಾವಣೆಯನ್ನೂ ಕ್ರಮಸಂಖ್ಯೆಯಿರುವ ಫೈಲಿನಲ್ಲಿ ಬರೆದಿಡಬೇಕು. ಯಾವ ಸಂಖ್ಯೆಯವರೆಗೆ ಜಾರಿಯಾಗಿದೆ ಎಂಬುದನ್ನು ಆಯಾ ಡೇಟಾಬೇಸಿನಲ್ಲೇ ಒಂದು ಟೇಬಲ್ ನೆನಪಿಡುತ್ತದೆ. ಉಳಿದ ಫೈಲುಗಳು ಮಾತ್ರ ಅದೇ ಕ್ರಮದಲ್ಲಿ ಓಡುತ್ತವೆ. ಫ್ಲೈವೇ, ಲಿಕ್ವಿಬೇಸ್ ಎಂಬ ಸಾಧನಗಳು ಮಾಡುವುದು ಇದನ್ನೇ. ವೆಬ್ ತಂತ್ರಾಂಶ ಕಟ್ಟಲು ಬಳಸುವ ಜಾಂಗೋದಲ್ಲಿ 2014ರಿಂದ ಈ ಸೌಲಭ್ಯ ಅದರೊಳಗೇ ಇದೆ. ಒಮ್ಮೆ ಜಾರಿಯಾದ ಫೈಲನ್ನು ಆಮೇಲೆ ಯಾರಾದರೂ ತಿದ್ದಿದರೆ ಫ್ಲೈವೇ ಅದನ್ನು ಪತ್ತೆಹಚ್ಚಿ ಮುಂದುವರಿಯಲು ಒಪ್ಪುವುದಿಲ್ಲ. ತಪ್ಪಿದ್ದರೆ ಹೊಸ ಫೈಲು ಬರೆಯಬೇಕು, ಅಷ್ಟೇ.

ಆದರೂ ಸಾಧನವೊಂದನ್ನೇ ನೆಚ್ಚಿ ಕೂರುವಂತಿಲ್ಲ. ಮಾಹಿತಿಯೇ ಇಲ್ಲದ ಖಾಲಿ ಪರೀಕ್ಷಾ ಟೇಬಲ್ಲಿಗೆ ಕಡ್ಡಾಯ (ಖಾಲಿ ಬಿಡುವಂತಿಲ್ಲದ) ಕಾಲಂ ಸಲೀಸಾಗಿ ಸೇರಿದರೂ, ಲಕ್ಷಗಟ್ಟಲೆ ಹಳೆಯ ಅರ್ಜಿಗಳಿರುವ ಟೇಬಲ್ಲಿನಲ್ಲಿ ಆ ಅರ್ಜಿಗಳಿಗೆ ಆ ಕಾಲಂನಲ್ಲಿ ಏನು ತುಂಬಬೇಕೆಂದು ಮೊದಲೇ ಹೇಳದಿದ್ದರೆ ಕೆಲಸ ಕೆಡುತ್ತದೆ. ಇಂತಹ ಬದಲಾವಣೆ ನಡುವೆ ಸೋತರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಇಡಿಯಾಗಿ ಹಿಂದೆಗೆದುಕೊಳ್ಳಬಹುದು. ಅಂಥದ್ದೇ ಇನ್ನೊಂದಾದ ಮೈಎಸ್‌ಕ್ಯೂಎಲ್‌ನಲ್ಲಿ ಆಗಲೇ ಮುಗಿದ ಆಜ್ಞೆಗಳು ಹಾಗೆಯೇ ಉಳಿಯುತ್ತವೆ. ಆದ್ದರಿಂದ ಚಾಲ್ತಿಯ ಡೇಟಾಬೇಸಿನ ಪ್ರತಿಯ ಮೇಲೆ, ಜನರ ಹೆಸರು, ಆಧಾರ್ ಸಂಖ್ಯೆ ಅಳಿಸಿದ ನಂತರ, ಮೊದಲು ಓಡಿಸಿ ನೋಡುವುದು ಅಗತ್ಯ. ಕಾಲಂ ತೆಗೆದುಹಾಕುವ ಮುನ್ನವಂತೂ ಬ್ಯಾಕಪ್ ಇರಲೇಬೇಕು, ಏಕೆಂದರೆ ಕಾಲಂ ಮತ್ತೆ ಸೇರಿಸಿದ ಮಾತ್ರಕ್ಕೆ ಅದರೊಳಗಿದ್ದ ಮಾಹಿತಿ ಮರಳಿ ಬಾರದು.

ಸ್ಥಳೀಯ ಸಂಸ್ಥೆಗಳು, ಸಹಕಾರ ಸಂಘಗಳು ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ ಪರದೆಗಳು ಹೇಗಿರಬೇಕು, ವರದಿಗಳು ಎಷ್ಟಿರಬೇಕು ಎಂದು ಪುಟಗಟ್ಟಲೆ ಬರೆಯುತ್ತವೆ. ಅದೇ ಷರತ್ತುಗಳಲ್ಲಿ, ಡೇಟಾಬೇಸಿನ ಯಾವ ಬದಲಾವಣೆಯನ್ನೂ ನೇರವಾಗಿ ಕೈಯಿಂದ ಮಾಡಕೂಡದೆಂದೂ, ಗುತ್ತಿಗೆ ಮುಗಿದಾಗ ಈ ಫೈಲುಗಳೆಲ್ಲವನ್ನೂ ಕಚೇರಿಗೆ ಒಪ್ಪಿಸಿ, ಅವುಗಳಿಂದ ಖಾಲಿ ಡೇಟಾಬೇಸನ್ನು ಮೊದಲಿನಿಂದ ಕಟ್ಟಿ ತೋರಿಸಿದ ಮೇಲೆಯೇ ಅಂತಿಮ ಬಿಲ್ ಪಾವತಿಯೆಂದೂ ಸೇರಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಂತಿಸುತ್ತೇನೆ.

— ಒಬ್ಬ ತಂತ್ರಾಂಶ ನಿರ್ವಾಹಕ, ಬಳ್ಳಾರಿ