ವಿಸ್ಕಿಯ ಪರ ಮಾತಾಡಿದಿರಿ, ನಮ್ಮ ಪರವೂ ಒಂದು ಮಾತಾಡಿ

ಜಿಬ್ರಾಲ್ಟರ್, ಆಗಸ್ಟ್ 2025

ಭಾರತ ಸರ್ಕಾರದ ಮಾನ್ಯ ವಿದೇಶಾಂಗ ಸಚಿವರಿಗೆ ನಮಸ್ಕಾರಗಳು.

ಸ್ಪೇನಿನ ತುದಿಗೆ ಅಂಟಿಕೊಂಡ ಜಿಬ್ರಾಲ್ಟರ್ ಬ್ರಿಟನ್ನಿನ ಅಧೀನದಲ್ಲಿದೆ, ಇಲ್ಲಿಂದ ಸ್ಪೇನಿಗೆ ಕಾಲಿಡಲು ನಮ್ಮಂಥವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು ಎಂದು ತಮಗೆ ನಾನು ಹೇಳಿಕೊಡಬೇಕಿಲ್ಲ. ಸ್ಪೇನ್ ಜೊತೆಗಿನ ಇಲ್ಲಿಯ ಗಡಿತಪಾಸಣೆ ತೆಗೆದುಹಾಕಲು ಜೂನ್ 11ರಂದು ಬ್ರಿಟನ್, ಸ್ಪೇನ್, ಐರೋಪ್ಯ ಒಕ್ಕೂಟ ಒಪ್ಪಿಕೊಂಡಿದ್ದೂ ಗೊತ್ತಿರುತ್ತದೆ. ಒಪ್ಪಂದದ ಪೂರ್ತಿ ಪಠ್ಯ ಇನ್ನೂ ಹೊರಬಿದ್ದಿಲ್ಲ. ನನ್ನ ಕೋರಿಕೆ ಒಂದೇ. ಅದು ಅಂತಿಮವಾಗುವ ಮುಂಚೆ, ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪಾಸ್‌ಪೋರ್ಟಿನವರೂ ವೀಸಾ ಇಲ್ಲದೆ ಗಡಿ ದಾಟಬಹುದೆಂದು ಬರವಣಿಗೆಯಲ್ಲಿ ಹಾಕಿಸಿ.

ಈ ಊರಿನ ವಿಸ್ತೀರ್ಣ 6.8 ಚದರ ಕಿಲೋಮೀಟರ್. ವಿಮಾನದ ರನ್‌ವೇ ಮೇಲೆ ನಡೆದುಕೊಂಡು ದಾಟಿದರೆ ಆಚೆಗೆ ಸ್ಪೇನ್. ಆ ಕಡೆಯಿಂದ ದಿನಾ ಸುಮಾರು 15,000 ಜನ ಕೆಲಸಕ್ಕೆ ಬಂದು ಹೋಗುತ್ತಾರೆ. ಟೊಮೆಟೊ, ಬದನೆಕಾಯಿ ಲಾರಿ ಹತ್ತಿ ಬರುತ್ತವೆ. ಬ್ರೆಕ್ಸಿಟ್ ಆಗಿ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲೂ ಜಿಬ್ರಾಲ್ಟರಿಗರು ಗುರುತಿನ ಚೀಟಿ ತೋರಿಸಿ ಊಟಕ್ಕೆ ಹೋಗಿಬರುತ್ತಾರೆ. ಇಲ್ಲೇ ತೆರಿಗೆ ಕಟ್ಟುವ ನನಗೆ ಮಾತ್ರ ವೀಸಾ ಬೇಕು, ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರಯಾಣ ವಿಮೆ, ಹೋಟೆಲ್ ಬುಕಿಂಗ್ ಬೇಕು. ಅಡುಗೆಮನೆ ಕಿಟಕಿಯಿಂದ ಕಾಣುವ ಊರಿಗೆ ಹೋಟೆಲ್ ಬುಕಿಂಗ್!

ಕಳೆದ ವರ್ಷ ಮಗನ ತರಗತಿಯವರನ್ನೆಲ್ಲ ಸ್ಪೇನಿನ ಟರಿಫಾ ಊರಿನ ಹತ್ತಿರದ ರೋಮನ್ ಅವಶೇಷ ನೋಡಲು ಕರೆದುಕೊಂಡು ಹೋದರು. ನಾವು ಮುಂಚೆಯೇ ಅರ್ಜಿ ಹಾಕಿದ್ದೆವು, ಎಲ್ಲ ಕಾಗದವೂ ಸರಿಯಿತ್ತು. ಪಾಸ್‌ಪೋರ್ಟ್ ವಾಪಸ್ ಬರಲಿಲ್ಲ. ಮಗ ಅಂದು ಎರಡನೇ ತರಗತಿಯ ಮಕ್ಕಳ ಜೊತೆ ಹಿಂದಿನ ಬೆಂಚಿನಲ್ಲಿ ಕೂತು, ಬಸ್ಸಿನಲ್ಲಿ ತಿನ್ನಲೆಂದು ಅವನಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ತಿಂದ. ಮುಂದಿನ ವಾರ ಪಾಸ್‌ಪೋರ್ಟ್ ಬಂತು. ವೀಸಾ ಕೊಟ್ಟಿದ್ದರು ಸ್ವಾಮಿ, ಚೆನ್ನಾಗಿ ಅಂಟಿಸಿದ್ದರು. ಪ್ರವಾಸದ ದಿನಕ್ಕೆ ಮಾತ್ರ! ಅವಧಿ ಮುಗಿದ ವೀಸಾ ಕೈಗೆ ಕೊಟ್ಟರೂ ಶುಲ್ಕ ವಾಪಸ್ ಕೊಡುವ ನಿಯಮವಿಲ್ಲವಂತೆ.

1969ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಈ ಗಡಿಗೆ ಬೀಗ ಹಾಕಿಸಿದಾಗ ನೆಂಟರಿಷ್ಟರು ಬೇಲಿಯ ಎರಡೂ ಬದಿ ನಿಂತು ಕೂಗಿ ಮಾತಾಡುತ್ತಿದ್ದರಂತೆ. 1985ಕ್ಕೆ ಅದು ಪೂರ್ತಿ ತೆರೆಯಿತು. ನಮಗಿನ್ನೂ ತೆರೆದಿಲ್ಲ. ಯಾರಿಗೆ ಬರೆದರೂ ಇನ್ನೊಬ್ಬರ ವಿಳಾಸ ಕಳಿಸುತ್ತಾರೆ; ನಮ್ಮವರೆನ್ನಲು ಇಲ್ಲೊಂದು ಭಾರತೀಯ ದೂತಾವಾಸವೂ ಇಲ್ಲ.

ಕಳೆದ ತಿಂಗಳು 24ಕ್ಕೆ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಸಂತೋಷ. ಸ್ಕಾಚ್ ವಿಸ್ಕಿಯ ಸುಂಕ ಶೇ 150ರಿಂದ 75ಕ್ಕೆ, ಆಮೇಲೆ 40ಕ್ಕೆ ಇಳಿಯುತ್ತದೆ ಎಂದು ಓದಿದೆ. ಬಾಟಲಿಯ ಬಗ್ಗೆ ವರ್ಷಗಟ್ಟಲೆ ಕೂತು ಚೌಕಾಸಿ ಮಾಡುವ ತಾಳ್ಮೆಯಿದ್ದವರಿಗೆ ನಮ್ಮ ಬಗ್ಗೆ ಒಂದು ಸಾಲು ಕೇಳುವುದು ಭಾರವೇ? ನೂರು ವರ್ಷದಾಚೆಯಿಂದ ಸಿಂಧಿ ವರ್ತಕರು ಇಲ್ಲಿಯ ಮೈನ್ ಸ್ಟ್ರೀಟ್‌ನಲ್ಲಿ ಅಂಗಡಿ ಇಟ್ಟಿದ್ದಾರೆ. ಭಾರತೀಯರು ನಿನ್ನೆ ಮೊನ್ನೆ ಬಂದವರಲ್ಲ.

ಗಡಿ ತೆಗೆಯುವುದು ನಿವಾಸಿಗಳಿಗಾಗಿ ಎಂದಾದರೆ ನಾವೂ ನಿವಾಸಿಗಳೇ. ಲಂಡನ್, ಮ್ಯಾಡ್ರಿಡ್, ಬ್ರಸೆಲ್ಸ್ ಮೂರೂ ಕಡೆಗೆ ಲಿಖಿತವಾಗಿ ಕೇಳಿ. ಅವರು ಕೊಟ್ಟ ಉತ್ತರವನ್ನು ಸಂಸತ್ತಿನಲ್ಲಿ ಮಂಡಿಸಿ. ಪಠ್ಯ ಅಚ್ಚಾದ ಮೇಲೆ "ಪರಿಶೀಲಿಸಲಾಗುವುದು" ಎಂಬ ಪತ್ರ ದಯವಿಟ್ಟು ಕಳಿಸಬೇಡಿ. ಅಂಥವು ನನ್ನ ಹತ್ತಿರ ಸಾಕಷ್ಟಿವೆ.

ಇಂತಿ,
ಜಿಬ್ರಾಲ್ಟರ್ ನಿವಾಸಿ, ತಿಪಟೂರು ಕಡೆಯವನು